ಸೊನ್ನೆಯಿಂದ ಎಣಿಕೆ

ದಾರ್ಖಾನ್ ಊರಿನ ಹೆರಿಗೆ ಆಸ್ಪತ್ರೆಯಲ್ಲಿ
ಮೊದಲ ತೊಟ್ಟಿಲಿನ ನಂಬರು ಸೊನ್ನೆ.
"ಮಗು ಇದೆಯಲ್ಲ, ಸೊನ್ನೆ ಹೇಗಾಗುತ್ತೆ?"
ದುಲ್ಮಾ ಕೇಳಿದಳು. ಇಪ್ಪತ್ತೆರಡು ವರ್ಷದ ಸರ್ವೀಸು,
ಬೆರಳು ಮಡಿಸುವುದು ಒಂದರಿಂದ.
ತೆಗ್ಶ್‌ಜರ್ಗಲ್ ನಕ್ಕಳು: ಯಂತ್ರದ ಲೆಕ್ಕ ಅದು,
ಎಷ್ಟನೆಯದು ಎಂದಲ್ಲ, ಬಾಗಿಲಿಂದ ಎಷ್ಟು ದೂರ ಎಂದು.

ಸೋಮವಾರ ಎಲ್ಲ ಸರಿಯಿತ್ತು.
ಸೊನ್ನೆಗೆ ಮೂವತ್ತು ಎಮ್ಮೆಲ್ ಹಾಲು,
ಒಂದಕ್ಕೆ ಇಪ್ಪತ್ತು,
ಮೂರಕ್ಕೆ ಕಾಮಾಲೆ, ನೀಲಿ ದೀಪದಡಿ ಆರು ಗಂಟೆ.
ಮಂಗಳವಾರ ಮಧ್ಯಾಹ್ನ ಎರಡು ಮನೆಗೆ ಹೋಯಿತು,
ಕುರಿಚರ್ಮ ಸುತ್ತಿಕೊಂಡು, ಮೂಗಿನ ತುದಿಗೆ ಮಸಿ.
ಸಾಲಿನಲ್ಲಿ ಒಂದು ಕದಲಿದರೆ
ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ,
ಯಾರನ್ನೂ ಕೇಳದೆ.
ತೊಟ್ಟಿಲು ಇದ್ದಲ್ಲೇ ಇತ್ತು, ಪರದೆಯ ಮೇಲಷ್ಟೇ
ಮೂರು ಎರಡಾಯಿತು, ನಾಲ್ಕು ಮೂರಾಯಿತು,
ನೀಲಿ ದೀಪ ಬೇರೆಯವರ ಮಗನ ಮೇಲೆ ಬಿತ್ತು.
ಕಂಡುಹಿಡಿದವಳು ದುಲ್ಮಾ:
"ಹಳದಿ ಮಗು ಕತ್ತಲಲ್ಲಿ, ಕೆಂಪು ಮಗು ಬೆಳಕಲ್ಲಿ.
ಯಾರ ಬುದ್ಧಿ ಇದು?"

ಬುದ್ಧಿ ತನ್ನದೇ. ರಾತ್ರಿ ಕೂತಳು.
ಉಪ್ಪು ಹಾಕಿದ ಹಾಲುಚಹಾ ಕೆನೆಗಟ್ಟುತ್ತಿತ್ತು,
ಕಿಟಕಿಯಾಚೆ ಕಲ್ಲಿದ್ದಲ ಹೊಗೆ, ಮೈನಸ್ ಮೂವತ್ತೊಂದು.
ಇನ್ನು ಸ್ಥಾನ ಕೇಳುವುದಿಲ್ಲ, ಹೆಸರು ಕೇಳುತ್ತೇನೆ;
ಹೆಸರು ಕ್ಯೂನಲ್ಲಿ ಸರಿಯುವುದಿಲ್ಲ.
ಆದರೆ ಇನ್ನೂ ಹೆಸರಿಡದ ಮಕ್ಕಳು! ತಾಯಿಯ ಹೆಸರು ಹಾಕಿದಳು.
ಇಬ್ಬರು ಒಯೂನ್‌ಬಿಲೆಗ್. ಎರಡನೆಯವಳನ್ನು ಸೇರಿಸಿದೊಡನೆ
ಮೊದಲನೆಯವಳ ಮಗು ಸದ್ದಿಲ್ಲದೆ ಅಳಿಸಿಹೋಯಿತು,
ಪರದೆಯ ಮೇಲೆ ಮಾತ್ರ. ಆದರೂ
ಎದ್ದು ಹೋಗಿ ನೋಡಿಬಂದಳು.

ಗುರುವಾರ ಬಂದ ಅಜ್ಜ, ಉಣ್ಣೆಯ ಬೂಟಿನ ಹಿಮ ಕೊಡವದೆ.
ಮಗಳ ಎರಡು ಮಕ್ಕಳು ಹೆಸರಿಟ್ಟ ವರ್ಷವೇ ಹೋಗಿದ್ದವು,
ಒಳ್ಳೊಳ್ಳೆ ಹೆಸರು: ಒಂದು ಉಕ್ಕು, ಒಂದು ಸೂರ್ಯ.
ಈ ಮೂರನೆಯದರ ಕಿವಿಯಲ್ಲಿ ಮೂರು ಸಲ ಉಸುರಿದ:
ನೆರ್ಗೂಯ್. ನೆರ್ಗೂಯ್. ನೆರ್ಗೂಯ್.
ಅಂದರೆ, ಹೆಸರಿಲ್ಲ.
ನಮ್ಮಲ್ಲೂ ಇಡುತ್ತಿದ್ದರಲ್ಲ ತಿಪ್ಪ ಎಂದು, ಕಲ್ಲ ಎಂದು,
ಬಂದವನು ಕೇಳಿ ಮೂಗು ಮುರಿದು ಹೋಗಲಿ ಎಂದು.

ತೆಗ್ಶ್‌ಜರ್ಗಲ್ ಟೈಪಿಸಿದಳು. ಯಂತ್ರ ಒಪ್ಪಲಿಲ್ಲ:
ಹೆಸರಿನ ಜಾಗ ಖಾಲಿ ಇದೆ, ತುಂಬಿ.
ಹೋದ ವರ್ಷ ಅವಳೇ ಬರೆದ ಸಾಲು,
ಗುಮಾಸ್ತರು ಎಲ್ಲದಕ್ಕೂ 'ಹೆಸರಿಲ್ಲ' ಎಂದು ಗೀಚುತ್ತಿದ್ದುದಕ್ಕೆ ಬೇಸತ್ತು.
ಹುಡುಕಿದಳು. ಸಿಗಲಿಲ್ಲ.
ತೊಟ್ಟಿಲಲ್ಲಿ ಅವನು ಕಾಲು ಝಾಡಿಸುತ್ತಿದ್ದ,
ಎರಡು ಕಿಲೋ ನೂರು ಗ್ರಾಂ.
ಅಜ್ಜ ಬಗ್ಗಿ, ಪರದೆಯನ್ನು ಓದಿಸಿಕೊಂಡು, ಮೊದಲ ಸಲ
ಹಲ್ಲು ಕಾಣುವಂತೆ ನಕ್ಕ: "ನೋಡು, ಕೆಲಸ ಮಾಡುತ್ತಿದೆ."

ಆದರೆ ಹಾಲು? ರಾತ್ರಿ ಎರಡಕ್ಕೆ, ಐದಕ್ಕೆ
ಅವನನ್ನು ಹುಡುಕಬೇಕಾದವಳು ದುಲ್ಮಾ.
ಹುಡುಕಬಾರದವನಿಗೂ ಅವಳಿಗೂ
ಇರುವುದು ಅದೇ ಒಂದು ಬಾಗಿಲು.

ಆ ಸಾಲನ್ನು ಅಳಿಸಿದಳು. ಕೇಳಿದಳು: ನೆರ್ಗೂಯ್?
ಬಂತು: ನಲವತ್ತು ಎಮ್ಮೆಲ್, ಎಡಗಾಲಿಗೆ ಪಟ್ಟಿ, ಕಿಟಕಿ ಪಕ್ಕ.
ಅಜ್ಜನತ್ತ ನೋಡಲಿಲ್ಲ.
ಬಾಗಿಲಿಗೆ ಅಂಟಿಸುವ ಹಾಳೆ ಅಚ್ಚಿಗೆ ಹೋಗುವ ಮುನ್ನ
ಅವನ ಹೆಸರಿನ ಎದುರು, ಒಂದೊಂದೇ ಅಕ್ಷರ, ಕೈಯಾರೆ ಒತ್ತಿದಳು:
ಹುಡುಕಲಾಯಿತು. ಸಿಗಲಿಲ್ಲ.