ತಾಯಿದ್ರಾವಣ

ವಿರಾಜಪೇಟೆ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ
ಮೂವತ್ತೊಂದು ವರ್ಷದಿಂದ ಗಾಜು ತೊಳೆಯುವವನು ನಾನು, ಜತ್ತಪ್ಪ.
ಎಷ್ಟು ಪಿಪೆಟ್ಟು ಒಡೆದೆ ಎಂಬುದು ರಿಜಿಸ್ಟರಿನಲ್ಲಿದೆ.
ಚೋಂದಮ್ಮ ಮೇಡಂ ಏನು ಮಾಡಿದರು ಎಂಬುದು
ರಿಜಿಸ್ಟರಿನಲ್ಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಮೊದಲ ವರ್ಷ ಬರೀ ಮಣ್ಣು.
ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ,
ತೋಟದ ರೈಟರುಗಳು ಗೊಬ್ಬರದ ಚೀಲ ಕತ್ತರಿಸಿ ಕಟ್ಟಿ ತಂದ ಮಣ್ಣು.
ಮಾಲಿಬ್ಡೇಟ್ ಹಾಕಿ, ಸ್ವಲ್ಪ ಆಸಿಡ್, ಕೊನೆಗೆ ಸಿ ವಿಟಮಿನ್;
ರಂಜಕವಿದ್ದರೆ ನೀರು ನೀಲಿಯಾಗುತ್ತಿತ್ತು.
ರೈಟರುಗಳು ನಂಬರು ಬರೆದುಕೊಂಡು ಹೋದರು.
ಇವರು ನೀಲಿಯನ್ನೇ ನೋಡುತ್ತ ನಿಂತರು.
"ಇದರೊಳಗೆ ಯಾರೋ ಕೂತಿದ್ದಾರೆ, ಜತ್ತಪ್ಪ."

ಯಾರು?
ಕರಿಹಲಗೆಯ ಮೇಲೆ ತೋರಿಸಿದರು:
ನಡುವೆ ಒಂದೇ ಒಂದು ರಂಜಕ, ಸುತ್ತ ಹನ್ನೆರಡು ಮಾಲಿಬ್ಡಿನಂ,
ಮೂರು ಮೂರರ ನಾಲ್ಕು ಗುಂಪು.
ಇವರ ಕೈಯ ಆಮ್ಲಜನಕವೇ ಪಕ್ಕದವರ ಕೈಯಲ್ಲೂ,
ಹಂಚಿಕೊಂಡು ಹಿಡಿದರೆ ಒಟ್ಟು ನಲವತ್ತೇ ಸಾಕು.
ಉಮ್ಮತ್ತಾಟದ ಹಾಗೆ, ಅಂದೆ, ನಡುವೆ ಒಬ್ಬಳು ನೀರು ಹಿಡಿದು.
ಮೆಚ್ಚುತ್ತಾರೆ ಅಂದುಕೊಂಡಿದ್ದೆ.
"ಇಲ್ಲ. ಇವರು ಕುಣಿಯಬಾರದು.
ಕುಣಿದರೆ ಕ್ಷ-ಕಿರಣಕ್ಕೆ ಮುಖ ಮಸುಕು."

ಅಲ್ಲಿಂದ ಶುರು ಹರಳಿನ ಕೆಲಸ.
ಹರಳು ಕಟ್ಟುವುದಕ್ಕೆ ನೀರು ಆರಬೇಕು.
ಜೂನಿನಿಂದ ಅಕ್ಟೋಬರಿನ ತನಕ ನಮ್ಮಲ್ಲಿ ಏನು ಆರುತ್ತದೆ?
ಸಾಲಾಗಿ ಕೂತ ಬೀಕರುಗಳಲ್ಲಿ
ಹಾಕಿದ್ದಕ್ಕಿಂತ ಹೆಚ್ಚು ನೀರು.
ನಲವತ್ತು ವಾಟಿನ ಬಲ್ಬಿಟ್ಟು ಪೆಟ್ಟಿಗೆ ಮಾಡಿಸಿದರು,
ಕೋಳಿಮರಿಗೆ ಮಾಡುವಂಥದ್ದು.
ಪ್ರಿನ್ಸಿಪಾಲರು ಇಣುಕಿ, ಮೊಟ್ಟೆ ಎಷ್ಟು, ಎಂದು ಕೇಳಿ ಹೋದರು.

ನಾಲ್ಕನೆಯ ವರ್ಷ, ಬೇಸಿಗೆ ರಜೆ.
ಮೂಲೆಯ ಬೀಕರಿನ ತಳದಲ್ಲಿ ಏನೋ ಕಿತ್ತಳೆ ಬಣ್ಣದ ಚೂರು.
ಹುಡುಗರು ಪೆಪ್ಪರಮೆಂಟು ಉಗುಳಿದ್ದಾರೆ ಎಂದು
ತೊಳೆದೆ.

ಬೈಯಲಿಲ್ಲ. ಎರಡು ದಿನ ಮಾತೂ ಇಲ್ಲ.
ಮೂರನೆಯ ದಿನ ಸ್ಟೂಲು ಎಳೆದು ಎದುರು ಕೂತು
ಪೊಲೀಸಿನವರ ಹಾಗೆ ಕೇಳಿದರು:
ಎಷ್ಟು ಮೂಲೆ ಇತ್ತು? ಬೆಳಕು ಆಚೆ ದಾಟುತ್ತಿತ್ತೆ?
ತಳಕ್ಕೆ ಅಂಟಿತ್ತೆ, ಬಿಡಿಯಾಗಿತ್ತೆ?
ಹೇಳಿದ್ದನ್ನೆಲ್ಲ ತಾರೀಖು ಹಾಕಿ ಬರೆದುಕೊಂಡರು.
ತೊಳೆದವನ ಸಾಕ್ಷಿಯೂ ಸಾಕ್ಷಿಯೇ.

ಮತ್ತೆ ಬಂತು, ಹದಿನಾಲ್ಕು ತಿಂಗಳಿಗೆ.
ಹತ್ತು ವೆನೇಡಿಯಂ, ಇಪ್ಪತ್ತೆಂಟು ಆಮ್ಲಜನಕ:
ಅದು ಲೋಕಕ್ಕೆ ಮೊದಲೇ ಗೊತ್ತಿದ್ದ ಗೂಡು.
ಇವರದ್ದರ ಒಂದು ಮಗ್ಗುಲಿಗೆ ತಾಮ್ರ ಜೋತುಬಿದ್ದಿತ್ತು,
ಕರೆಯದೆ ಬಂದ ನೆಂಟನ ಹಾಗೆ.

ಚಿತ್ರ ತೆಗೆಯುವ ಯಂತ್ರ ಬೆಂಗಳೂರಿನಲ್ಲಿ.
ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಕಳಿಸಿದ ಮೊದಲ ಹರಳು
ಹುಣಸೂರು ದಾಟುವಷ್ಟರಲ್ಲಿ ಅರಿಸಿನಪುಡಿ.
ಒಳಗೆ ಕಟ್ಟಿಕೊಂಡಿದ್ದ ನೀರು
ಬಯಲುಸೀಮೆಯ ಗಾಳಿಗೆ ಎದ್ದುಹೋಗಿತ್ತು.
"ಹುಟ್ಟಿದ ನೀರಿನಲ್ಲೇ ಇಟ್ಟು ಒಯ್ಯಬೇಕಿತ್ತು.
ತಾಯಿದ್ರಾವಣ ಅನ್ನುತ್ತಾರೆ ಅದಕ್ಕೆ."
ಎರಡನೆಯದನ್ನು ಇಂಜೆಕ್ಷನ್ ಸೀಸೆಯಲ್ಲಿ ಮುಳುಗಿಸಿ
ರಾತ್ರಿ ಬಸ್ಸಿಗೆ ನಾನೇ ಹತ್ತಿದೆ,
ಅಂಗಿಯೊಳಗೆ, ಎದೆಗೆ ಒತ್ತಿಕೊಂಡು.
ಜೇನಾ? ಎಂದ ಪಕ್ಕದವನು.
ಹ್ಞೂಂ, ಅಂದೆ.

ಮೂವತ್ತು ವರ್ಷಕ್ಕೆ ಏಳು ಲೇಖನ.
ಇದರಿಂದ ಏನುಪಯೋಗ ಎಂದವರಿಗೆ
ಇನ್ನೂ ಗೊತ್ತಿಲ್ಲ, ಎನ್ನುತ್ತಿದ್ದರು,
ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಳುವ ಹಾಗೆ.
ಒಂದು ಲೇಖನದ ಕೊನೆಯಲ್ಲಿ, ನೆರವಾದವರ ಸಾಲಿನಲ್ಲಿ,
ನನ್ನ ಹೆಸರೂ ಇದೆ. ಒಂದಕ್ಷರ ತಪ್ಪು.
ತಿದ್ದಿಸಲಾ, ಎಂದರು. ಬೇಡ, ಎಂದೆ.
ಬಸ್ಸು ಹತ್ತಿದವನು ಆ ತಪ್ಪು ಹೆಸರಿನವನು.
ಸರಿ ಹೆಸರಿನವನು ತೊಳೆದವನು.

ಮೇ ತಿಂಗಳಲ್ಲಿ ನಿವೃತ್ತರಾದರು.
ಬೀರು ಖಾಲಿ ಮಾಡಿ, ಕೀಲಿ ಕೊಟ್ಟು,
ಒಂದು ಬೀಕರು ಮಾತ್ರ ಬಿಟ್ಟಿದ್ದಾರೆ, ಕಿಟಕಿಯಿಂದ ದೂರ.
ಚೀಟಿಯಲ್ಲಿ ಅವರದೇ ಅಕ್ಷರ: ಜತ್ತಪ್ಪ, ಬೇಡ.
ದಿನಾ ಬಗ್ಗಿ ನೋಡುತ್ತೇನೆ. ತಳ ಬರಿದು.
ಮಳೆ ಹಿಡಿದಿದೆ,
ನೀರು ಕಾಲಿಂಚು ಏರಿದೆ.