ಟ್ರಂಕಿನ ತಳಕ್ಕೆ ಏಳು ಪಟ್ಟಿ

ಮಂಡಕ್ಕಿ ಭಟ್ಟಿಯ ಹೊಗೆ ಇನ್ನೂ ಗೋಡೆಗೆ ಒರಗಿರುವ ಹೊತ್ತಿಗೆ
ಬುಡೇನ್ ಸಾಬರು ಅಂಗಡಿಯ ಹಲಗೆ ಒಂದೊಂದೇ ತೆಗೆಯುವರು.
ಮಿಲ್ಲಿನ ಮೊದಲ ಕೂಗಿಗೆ ಮೊದಲ ರಿಬೀಟು.
ನನಗಾಗ ಹನ್ನೊಂದು. ತಗಡು ಹಿಡಿಯುವುದು, ಚಾ ತರುವುದು,
ಕೇಳಿದ್ದಕ್ಕೆಲ್ಲ ಹ್ಞೂಂ ಅನ್ನುವುದು.

ಊರ ಟ್ರಂಕುಗಳ ತಳಕ್ಕೆ ಮೂರು ಪಟ್ಟಿ.
ನಮ್ಮವಕ್ಕೆ ಏಳು.
'ಸುಮ್ನೆ ಯಾಕ್ರೀ ತೂಕ?' ಎಂದು ಚೌಕಿಪೇಟೆಯ ಗಿರಾಕಿ ಕೇಳಿದರೆ
'ಬಾಂಬೆಗೂ ಏಳೇ ಇದ್ವು' ಅನ್ನುವರು.
ಗಿರಾಕಿಗೆ ಬಾಂಬೆ ಎಂದರೆ ನಮ್ಮ ಹತ್ತಿ ಅಂಡಿಗೆಗಳು ಹೋಗುವ ಊರು.
ನಕ್ಕು, ನಾಲ್ಕಾಣೆ ಚೌಕಾಸಿ ಮಾಡಿ, ಹೊರಿಸಿಕೊಂಡು ಹೋಗುವನು.

ಅದೊಂದು ವಿಮಾನದ ಹೆಸರೆಂದು ನನಗೊಬ್ಬನಿಗೇ ಗೊತ್ತು.

ಸುತ್ತಿಗೆ ನಿಲ್ಲಿಸದೆ ಹೇಳುವರು:
ಅದಕ್ಕಿಂತ ಮೊದ್ಲು ಅದೇ ಕಾರ್ಖಾನೇರು ಇನ್ನೊಂದು ಮಾಡಿದ್ರು, ತಿಪ್ಪೇಶಿ.
ಗಾಳಿಯೊಳಗೆ ಅದರ ರೆಕ್ಕೆ ತಿರುಚಿಕೊಂತು,
ಒದ್ದೆ ಪಂಚೆ ಹಿಂಡ್ತೀವಲ್ಲ, ಹಂಗೆ.
ಎಡಕ್ಕೆ ಹೊರಳು ಅಂದ್ರೆ ಬಲಕ್ಕೆ.
ಹೆದರಿದ್ರು.
ವರ್ಷಗಟ್ಲೆ ಬರೀ ರೆಕ್ಕೆ ಬಗ್ಗಿಸಿ, ತಿರುವಿ, ಮುರಿದು ನೋಡಿದ್ರು.
ಆಮ್ಯಾಲೆ ಹೊಸದಕ್ಕೆ ಏಳು ತೊಲೆ ಇಟ್ರು, ಒಂದೇ ರೆಕ್ಕೆಯೊಳಗೆ.
ಹೆದರಿಕೆ ಐತಲ್ಲ,
ಅದರಷ್ಟು ಲೆಕ್ಕ ಬಲ್ಲ ಇಂಜಿನಿಯರು ಇನ್ನೊಬ್ಬ ಇಲ್ಲ.

ಸರಕಾರದ ಕಾಗದದಲ್ಲಿ ಎರಡು ಆಸೆ ಇದ್ದವಂತೆ:
ಇಪ್ಪತ್ನಾಲ್ಕು ಸಿಪಾಯಿಗಳನ್ನು ಹೊರಬೇಕು,
ಬೇಕೆಂದಾಗ ಬಾಂಬೂ ಹಾಕಬೇಕು.
ಮೊದಲ ಸಲ ಹಾರಿದ್ದಕ್ಕೂ ಪಲ್ಟನ್ನಿಗೆ ಬಂದದ್ದಕ್ಕೂ ನಡುವೆ ನಾಲ್ಕು ವರ್ಷ.
ಹಡಗು ಕಟ್ಟುವ ಊರಲ್ಲಿ ಐವತ್ತು ಕಟ್ಟಿದರು.
ಅಷ್ಟರಲ್ಲಿ ಬೇರೆ ವಿಮಾನಗಳು ಕಾಲು ಮಡಚುವುದು ಕಲಿತಿದ್ದವು.
ಇದು ಮಾತ್ರ, ಹಳ್ಳ ದಾಟುವ ಎಮ್ಮೆ,
ಕಾಲು ಇಳಿಬಿಟ್ಟುಕೊಂಡೇ ಮೇಲೇರಿತು.
'ಹುಟ್ಟೋ ಹೊತ್ತಿಗೇ ಮುದುಕಿ!'
ಆ ಮಾತಿಗೆ ಅವರಿಗೆ ಪ್ರತಿ ಸಲವೂ ಹೊಸ ನಗು.

ಇದನ್ನೆಲ್ಲ ಹೇಳಿದವನು ಬೆಲ್‌ಫಾಸ್ಟಿನ ರಿಬೀಟುಗಾರ,
ಕೈರೋದಲ್ಲಿ, ಹಡಗು ಕಾಯುವ ಡೇರೆಯೊಳಗೆ.
ಕೈ ಸುಟ್ಟಿತ್ತು.
ಅವನ ಹಿಂದಿ ಅರ್ಧ, ಇವರ ಇಂಗ್ಲಿಷು ಕಾಲು;
ಉಳಿದ ಕಾಲು ಭಾಗವನ್ನು
ಬ್ಯಾಂಡೇಜು ಸುತ್ತಿದ ಆ ಎರಡು ಗಂಟುಗಳು ಗಾಳಿಯಲ್ಲಿ ಕಟ್ಟಿ ತೋರಿಸಿದವು.

ತನ್ನ ಕಥೆ ಮಾತ್ರ ಅವರು ಗಿಡ್ಡ ಮಾಡಿ ಹೇಳುವರು.
ಸ್ಯಾಪರು. ಮರಳಲ್ಲಿ ಮೈನು ಹುಡುಕುವ ಕೆಲಸ.
ಒಂದು ಸಂಜೆ ಮೈನೇ ಇವರನ್ನು ಹುಡುಕಿತು.
ಹತ್ತು ಸ್ಟ್ರೆಚರು, ಇವರದು ಮೇಲಿನದು.
ಕೆಳಗೆ ಹೊಟ್ಟೆಯಡಿ ಬಾಂಬಿನ ಕೊಕ್ಕೆಗಳು ಖಾಲಿ.
ಹೋದ ತಿಂಗಳು ಇದೇ ಬಾಗಿಲಲ್ಲಿ ನಿಂತು
ಸಣ್ಣ ಬಾಂಬುಗಳನ್ನು ಕೈಯಿಂದಲೇ ಎಸೆದರಂತೆ,
ಕೋಳಿಗೆ ಕಾಳು ಎರಚಿದಂತೆ.
ಯಾರ ಮೇಲೆ ಎಂದು ನಾನು ಕೇಳಿದೆ.
ಸುತ್ತಿಗೆ ನಿಂತಿತು.
'ಅವರಿಗೂ ಯಾರಾದ್ರೂ ಸ್ಟ್ರೆಚರ್ ತಂದಿರಬೌದು' ಅಂದರು.
ಚಾ ಆರಿಹೋಗಿತ್ತು. ಬೇರೆ ತಾ ಅನ್ನಲಿಲ್ಲ.

ಒಂದು ಮಧ್ಯಾಹ್ನ, ಕರೆಂಟಿಲ್ಲ, ಗಿರಾಕಿಯಿಲ್ಲ,
ಮದುವೆಯ ದೊಡ್ಡ ಟ್ರಂಕು ಬಾಯಿ ತೆರೆದು ಬಿದ್ದಿತ್ತು.
'ಮಲಕ್ಕ' ಅಂದರು.
ಮಲಗಿದೆ. ಮುಚ್ಚಳ ಗೇಣು ಸಂದು ಬಿಟ್ಟು ಇಳಿಸಿದರು.
'ಎಣಿಸು.
ಹೊರಗಿಂದ ಎಣಿಸೋದು ಕೂಲಿ ಲೆಕ್ಕ.'

ಹೊಸ ತಗಡಿನ ವಾಸನೆ, ಬೆವರು.
ರಿಬೀಟಿನ ಬಾಲಗಳು ಕತ್ತಲಲ್ಲಿ ಸಾಲಾಗಿ,
ಒಂದೊಂದನ್ನೂ ಯಾರೋ ಒಮ್ಮೆ ಹೊಡೆದದ್ದು,
ಒಮ್ಮೆ ಯಾರೋ ಆಚೆಯಿಂದ ಒತ್ತಿ ಹಿಡಿದದ್ದು.
ಅರವತ್ತಕ್ಕೆ ತಪ್ಪಿತು. ಮತ್ತೆ ಒಂದರಿಂದ. ಮತ್ತೆ ತಪ್ಪಿತು.

ಮುಚ್ಚಳದ ಮೇಲೆ ಅಂಗೈ ಇಟ್ಟು ಅವರು ಹೇಳುತ್ತಿದ್ದರು:
ನಾನು ನಾನೂರಾ ಹನ್ನೊಂದಕ್ಕೆ ಬಂದಿದ್ದೆ,
ಗಾಲಿ ನೆಲಕ್ಕೆ ತಾಗ್ತು.
ನನ್ನ ಕೆಳಗಿನವನೂ ಎಣಿಸ್ತಿದ್ದ, ಗಟ್ಟಿಯಾಗಿ, ತಮಿಳಿನಾಗೆ.
ಇನ್ನೂರು ದಾಟಿದ ಮ್ಯಾಲೆ ಕೇಳಿಸಲಿಲ್ಲ.

ಈಗ ಟ್ರಂಕು ಕೇಳುವವರು ಕಡಿಮೆ; ನೀರಿನ ತೊಟ್ಟಿ, ಕೂಲರಿನ ಡಬ್ಬಿ.
ತಳಕ್ಕೆ ಏಳು ಪಟ್ಟಿ ಹೊಡೆಯುತ್ತೇನೆ.
ತೂಕ ಯಾಕೆ ಎಂದು ಕೇಳುತ್ತಾರೆ.
ಬಾಂಬೆ ಎಂದರೆ ಈಗ ಯಾರೂ ನಗುವುದೂ ಇಲ್ಲ.