ಹಳಿ ದಾಟುವ ಕೋನ

ನದಿಯ ಗುಂಟ ಹೋಗುತ್ತಿದ್ದ ಸೈಕಲ್ ದಾರಿ
ಮಾರ್ಚ್ ಹನ್ನೊಂದಕ್ಕೆ ಮುಚ್ಚಿತು.
ಕಬ್ಬಿಣದ ಬೇಲಿ, ಹಳದಿ ಫಲಕ, ಒಂದು ಬಾಣ:
ಬಲಕ್ಕೆ ತಿರುಗಿ. ತೊಂದರೆಗೆ ವಿಷಾದವಿದೆ.
ಬಾಣ ತೋರಿಸಿದ ಬೀದಿಯಲ್ಲೇ, ಟ್ರಾಮ್ ಹಳಿಯ ಎದುರಿಗೇ
ನನ್ನ ಅಂಗಡಿ. ರಿಪೇರಿ, ಪಂಕ್ಚರ್. ಗಾಳಿ ಬಿಟ್ಟಿ.

ವೇಸರ್ ನದಿಗೆ ಇನ್ನೂ ಎತ್ತರದ ದಂಡೆ ಬೇಕಂತೆ.
ಸಮುದ್ರ ಏರುವ ಮೊದಲು ನಾವು ಏರಬೇಕು
ಎಂದರು ಎಂಜಿನಿಯರು, ಸಭೆಯಲ್ಲಿ ನಕ್ಷೆ ಹರಡಿ.
ಆಗಲಿ ಎಂದು ನಾನೂ ಕೈ ಎತ್ತಿದೆ.
ಯಾರು ತಾನೇ ಹಾಕುತ್ತಾರೆ ನೀರಿನ ಪರವಾಗಿ ಮತ?

ಆಮೇಲೆ ಬರತೊಡಗಿದವು ಚಕ್ರಗಳು.
ಕರಿದ ಹಪ್ಪಳದ ಹಾಗೆ ಸೊಟ್ಟಗಾದವು,
ಕಡ್ಡಿ ಮುರಿದವು, ಕಲ್ಲುಹಾಸಿನ ಮೇಲೆ ಕುಣಿಕುಣಿದು
ನಟ್ಟು ಕಳಚಿಕೊಂಡವು.
ಹೆಚ್ಚಿನವಕ್ಕೆ ಒಂದೇ ಕಾಯಿಲೆ:
ಹಳಿಯ ಸಂದಿಗೆ ಟೈರು ಸಿಕ್ಕಿ
ಸೈಕಲ್ ಅಲ್ಲೇ ನಿಂತು
ಮನುಷ್ಯ ಮಾತ್ರ ಮುಂದೆ ಹೋದದ್ದು.

ಹಾಂಕೆ, ಸಂಗೀತದ ಟೀಚರು,
ಬೆನ್ನಿಗೆ ಚೆಲ್ಲೊ ಕಟ್ಟಿಕೊಂಡೇ ಬಿದ್ದವಳು.
"ಅದಕ್ಕೇನೂ ಆಗಲಿಲ್ಲ, ಪುಣ್ಯ" ಎನ್ನುತ್ತಿದ್ದಳು,
ಅವಳ ಮೊಣಕಾಲು ನನ್ನ ನೆಲದ ಮೇಲೆ
ತೊಟ್ಟಿಕ್ಕುತ್ತಿತ್ತು.

ಸೂಲಗಿತ್ತಿ ವೀಬ್ಕೆಗೆ ರಾತ್ರಿ ಎರಡಕ್ಕೆ ಫೋನು.
ಎಂಟು ನಿಮಿಷದ ದಾರಿ ಹತ್ತೊಂಬತ್ತಾಗಿ
ಮಗು ಕಾಯಲಿಲ್ಲ, ಅಪ್ಪನೇ ಕೈಯೊಡ್ಡಿ ಹಿಡಿದನಂತೆ.
"ತಾಯಿ ಮಗು ಚೆನ್ನಾಗಿದ್ದಾರೆ" ಅಂದಳು ಬ್ರೇಕಿನ ತಂತಿ ನೋಡುತ್ತ,
"ಆದರೆ ಆ ಹನ್ನೊಂದು ನಿಮಿಷ,
ಅದನ್ನು ಯಾರ ಲೆಕ್ಕಕ್ಕೆ ಬರೆಯಲಿ?"

ಬೀಳದವಳು ಒಬ್ಬಳೇ, ಒಂಬತ್ತು ವರ್ಷದ ಲೆಫ್ಕೆ.
ಈಜಿಗೆ ಒಬ್ಬಳೇ ಹೋಗುತ್ತಿದ್ದಳು ನದಿ ದಾರಿಯಲ್ಲಿ,
ಒದ್ದೆ ಟವಲು ಹ್ಯಾಂಡಲ್ಲಿಗೆ ಸುತ್ತಿ.
ಈಗ ಅಮ್ಮನ ಕಾರಿನ ಹಿಂದಿನ ಸೀಟಿನಲ್ಲಿ
ಗಾಜಿಗೆ ಮೂಗು ಒತ್ತಿ ದಾಟುತ್ತಾಳೆ.
ಇದೂ ಒಂದು ಪೆಟ್ಟೇ. ಯಾವ ಆಸ್ಪತ್ರೆಯೂ ಎಣಿಸುವುದಿಲ್ಲ.
ಅವಳ ಅಳತೆಯ ಟ್ಯೂಬು ಮೊಳೆಗೆ ತೂಗುತ್ತಲೇ ಇದೆ.

ಏಪ್ರಿಲ್ ಕೊನೆಗೆ ಗಲ್ಲಾ ಎಣಿಸಿದೆ.
ಹೋದ ವರ್ಷದ ಮೂರರಷ್ಟು. ಮತ್ತೆ ಎಣಿಸಿದೆ.
ಯಾರದೋ ಮಣಿಕಟ್ಟು, ಯಾರದೋ ಹಲ್ಲು,
ನನ್ನ ಬಾಡಿಗೆ ಬಾಕಿ ತೀರಿತ್ತು.
ಹೊಸ ಕೆಟಲ್ ತಂದೆ;
ಅದು ಕುದಿಯುವ ಸದ್ದಿಗೂ ಒಂದು ನಾಚಿಕೆ.

ಆ ರಾತ್ರಿ ಸೀಮೆಸುಣ್ಣ ಹಿಡಿದು ಬೀದಿಗಿಳಿದೆ.
ಓರೆಯಾಗಿ ಬಂದವರನ್ನು ಹಳಿ ಹಿಡಿಯುತ್ತದೆ,
ನೆಟ್ಟಗೆ ಎದುರಾದರೆ ಬಿಡುತ್ತದೆ;
ಇಷ್ಟೇ ವಿದ್ಯೆ.
ಮೊಣಕಾಲೂರಿ ಎಳೆದೆ ಒಂದು ಬಿಳಿ ಗೆರೆ,
ಎಡಕ್ಕೆ ಬಾಗಿ, ಅಗಲವಾಗಿ ಸುತ್ತಿ, ಹಳಿಗೆ ನೇರ ಎದುರು.
ಬೆಳಿಗ್ಗೆ ಮಳೆ. ಗೆರೆಯೆಲ್ಲ ಚರಂಡಿಯಲ್ಲಿ ಹಾಲು.
ಮತ್ತೆ ಎಳೆದೆ. ಮತ್ತೆ ಮಳೆ.
ನಗರಸಭೆಯಿಂದ ಕಾಗದ ಮಾತ್ರ ಒಣಗಿಯೇ ಬಂತು:
ಅನುಮತಿಯಿಲ್ಲದ ರಸ್ತೆ ಗುರುತು, ಕಲಂ ಇಂತಿಂಥದು.

ಮೇ ತಿಂಗಳಲ್ಲಿ ಒಬ್ಬ ಬಂದ, ಬೂಟಿನ ತುಂಬ ನದಿಯ ಕೆಸರು.
ಟಿಬೇರಿಯು, ಕೆಲಸದ ಜಾಗದವನೇ,
ಬೇಲಿಯ ಬೀಗದಕೈ ಅವನ ಜೇಬಿನಲ್ಲೇ.
ಅವನ ಚಕ್ರಕ್ಕೂ ಅದೇ ಕಾಯಿಲೆ.
"ಒಳಗಿಂದ ಬರಬಹುದಿತ್ತಲ್ಲ?" ಎಂದೆ.
"ಒಳಗೆ ದಾರಿ ಎಲ್ಲಿದೆ, ನಾಲ್ಕಾಳು ಹಳ್ಳ.
ನಾನೇ ತೋಡಿದ್ದು" ಎಂದ. ನಗಲಿಲ್ಲ.
ದುಡ್ಡು ಬೇಡವೆಂದೆ. ಮರುದಿನ ಬಾಗಿಲಲ್ಲಿತ್ತು
ಅರ್ಧ ಖಾಲಿಯಾದ ಹಳದಿ ಬಣ್ಣದ ಡಬ್ಬಿ,
ಹೆಸರಿಲ್ಲ, ಚೀಟಿಯಿಲ್ಲ.

ಫಲಕದ ತಾರೀಖಿನ ಮೇಲೆ ಈಗ ಮೂರನೆಯ ಚೀಟಿ.
ಮೊದಲು ಆಗಸ್ಟ್, ಆಮೇಲೆ ಅಕ್ಟೋಬರ್,
ಈಗ ಬರೀ "ಮುಂದಿನ ಸೂಚನೆಯವರೆಗೆ".
ಕಾಗದ ಕಪಾಟಿನಲ್ಲಿದೆ, ದಂಡ ಕಟ್ಟಿದ್ದೇನೆ,
ಗೆರೆ ಬೀದಿಯಲ್ಲಿದೆ.

ಸಂಜೆ ಬಾಗಿಲು ತೆರೆದಿಟ್ಟು ಕೆಲಸ ಮಾಡುತ್ತೇನೆ.
ಟಕ್ ಎನ್ನುತ್ತದೆ ಹಳಿ, ಅದು ಮುಂದಿನ ಚಕ್ರ.
ಪಾನಾ ಹಿಡಿದ ಕೈ ಹಾಗೇ ನಿಲ್ಲುತ್ತದೆ,
ಹಿಂದಿನದು
ಟಕ್ ಎನ್ನುವ ತನಕ.